ಧ್ವಜದ ಜಗಳ ಬಿಚ್ಚಿದ ವಾರ

ಅಚ್ಚಿನ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಬೆನ್ನು ನೋಯುತ್ತದೆ, ಕಣ್ಣು ಸೋಲುತ್ತದೆ, ಉಗುರಿನ ಸಂದಿಯ ಮಸಿ ಮದುವೆಯ ದಿನವೂ ಹೋಗುವುದಿಲ್ಲ. ಅದೆಲ್ಲ ಒಗ್ಗಿಹೋಗುತ್ತದೆ. ಕೊನೆಯವರೆಗೂ ಒಗ್ಗದೇ ಉಳಿಯುವುದು, ಅದದೇ ಜಗಳವನ್ನು ವಾರವಾರವೂ ಹೊಸ ಸುದ್ದಿ ಎಂಬಂತೆ ಅಚ್ಚಿಗೆ ಕೂಡಿಸುತ್ತ ನಿಲ್ಲುವುದು. ಓದುವವನಿಗೆ ಬೇಸರ ಬಂದರೆ ಪತ್ರಿಕೆ ಮಡಿಚಿ ಇಡಬಹುದು. ನಮಗೆ ಆ ಸೌಕರ್ಯವಿಲ್ಲ. ಒಂದೊಂದು ಅಕ್ಷರವೂ ನಮ್ಮ ಬೆರಳ ಮೇಲೆಯೇ ಹಾದು ಹೋಗಬೇಕು.

ನಾನು ಮುಂದೆ ಗುಲಬರ್ಗಾದ ದೊಡ್ಡ ಮುದ್ರಣಾಲಯಗಳಲ್ಲಿ ದುಡಿದೆ, ಫೋರ್‌ಮನ್ ಆಗಿ ನಿವೃತ್ತನಾದೆ. ಅದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಕೆಲಸ ಎಂದರೆ ಏನೆಂದು ನನಗೆ ತಿಳಿದದ್ದು ಹುಮನಾಬಾದಿನ ಬಜಾರದ ಒಂದು ಸಣ್ಣ ಛಾಪಾಖಾನೆಯಲ್ಲಿ, ನಿಜಾಮರ ರಾಜ್ಯ ಮುಗಿಯುತ್ತ ಬಂದ ವರ್ಷಗಳಲ್ಲಿ.

ಹುಟ್ಟಿದ್ದು ಈಗಿನ ಬಸವಕಲ್ಯಾಣದಲ್ಲಿ. ಆಗ ನಾವು ಕಲ್ಯಾಣಿ ಎನ್ನುತ್ತಿದ್ದೆವು. ನಮ್ಮ ತಂದೆ ಕಾತಿಬರು, ಅಂದರೆ ಅಚ್ಚಿಗೆ ಹೋಗುವ ಉರ್ದುವನ್ನು ಕೈಯಿಂದ ಅಂದವಾಗಿ ಬರೆದುಕೊಡುವವರು. ಬಿದಿರಿನ ಲೇಖನಿ, ವಿಶೇಷ ಮಸಿ, ಹಳದಿ ಕಾಗದ. ಬರೆದದ್ದು ಕಲ್ಲಿನ ಮೇಲೆ ಇಳಿಯುತ್ತದೆ, ಕಲ್ಲಿನಿಂದ ಕಾಗದಕ್ಕೆ ಬರುತ್ತದೆ. ಅವರು ತೀರಿಕೊಂಡ ಮೇಲೆ, ಅವರು ಕಲಿಸಿದ ಈ ಕಲ್ಲಚ್ಚಿನ ಬರವಣಿಗೆ ಹಿಡಿದುಕೊಂಡೇ ನಾನು ತಾಯಿಯ ಜೊತೆ ಸಾವಿರದ ಒಂಬೈನೂರ ನಲವತ್ತೇಳರಲ್ಲಿ ಹುಮನಾಬಾದಿಗೆ ಬಂದದ್ದು.

ಛಾಪಾಖಾನೆಯ ಮಾಲಕರು ಶಂಕ್ರಪ್ಪನವರು. ತೆಳ್ಳಗಿನ ಆಳು, ತಲೆಗೆ ರುಮಾಲು, ಹೆಗಲ ಮೇಲೆ ಸದಾ ಮಸಿಯಾದ ಒಂದು ವಸ್ತ್ರ. ಉರ್ದು, ಮರಾಠಿ, ಕನ್ನಡ ಮೂರನ್ನೂ ಓದುತ್ತಿದ್ದರು. ವಾರಕ್ಕೊಂದು ಉರ್ದು ಪತ್ರಿಕೆ ತೆಗೆಯುತ್ತಿದ್ದರು. ಆ ವರ್ಷ ಅದರಲ್ಲಿ ಬರುತ್ತಿದ್ದ ವಿಷಯ ಒಂದೇ: ರಾಜ್ಯ ಹಿಂದುಸ್ತಾನಕ್ಕೆ ಸೇರಬೇಕೋ, ಬೇರೆಯಾಗಿ ಉಳಿಯಬೇಕೋ. ಒಂದು ವಾರ ಇವರ ಭಾಷಣ, ಮುಂದಿನ ವಾರ ಅವರ ಉತ್ತರ. ಆ ತಲೆಬರಹವನ್ನು ನಾನು ಎಷ್ಟು ಸಲ ಬರೆದೆನೆಂದರೆ ಕಣ್ಣು ಮುಚ್ಚಿದರೂ ಕೈ ತಾನೇ ಬರೆಯುತ್ತಿತ್ತು. ಮೊದಲು ಎದೆ ಬಡಿಯುತ್ತಿತ್ತು, ಆಮೇಲೆ ಸಿಟ್ಟು ಬಂತು, ಕೊನೆಗೆ ಬರೀ ಆಕಳಿಕೆ. ಹೊರಗೆ ಮಾತ್ರ ಆಕಳಿಸುವ ಕಾಲವಾಗಿರಲಿಲ್ಲ. ಹಳ್ಳಿಗಳಲ್ಲಿ ಹೊಡೆದಾಟ ಸುರುವಾಯಿತು. ಎಷ್ಟೋ ಲಿಂಗಾಯತ, ಬ್ರಾಹ್ಮಣ ಕುಟುಂಬಗಳು ಮನೆಗೆ ಬೀಗ ಹಾಕಿ ಸೊಲ್ಲಾಪುರದ ಕಡೆ ಹೋದವು. ಮುಂದಿನ ವರ್ಷ ಅದೇ ಸೊಲ್ಲಾಪುರದ ರಸ್ತೆಯಿಂದ ಹಿಂದುಸ್ತಾನದ ಫೌಜು ಬಂತು. ರಾಜ್ಯ ಸೇರುವುದೂ ಬಿಡುವುದೂ ಕೆಲವೇ ದಿನಗಳಲ್ಲಿ ಇತ್ಯರ್ಥವಾಯಿತು. ಆಮೇಲೆ ಓಡುವ ಸರದಿ ನಮ್ಮ ಮುಸಲ್ಮಾನರದಾಯಿತು. ಶಂಕ್ರಪ್ಪನವರು ನನ್ನನ್ನೂ ನನ್ನ ತಾಯಿಯನ್ನೂ ತಮ್ಮ ಹಿತ್ತಲ ಕೋಣೆಯಲ್ಲಿ ಇಟ್ಟುಕೊಂಡರು. ಬಾಗಿಲಿಗೆ ಬಂದು ಕೇಳಿದವರಿಗೆ ಅವರ ಹೆಂಡತಿ, "ಒಳಗ ನಮ್ಮ ಮಂದೀನ ಅದಾರ, ನೀವು ಹೋಗ್ರಿ," ಎಂದಷ್ಟೇ ಹೇಳಿ ಕಳಿಸಿದರು.

ಗಲಾಟೆ ತಣ್ಣಗಾದ ಮೇಲೆ ಛಾಪಾಖಾನೆಯ ಬಾಗಿಲು ತೆರೆದಾಗ ಉರ್ದು ಪತ್ರಿಕೆ ಕೇಳುವವರಿರಲಿಲ್ಲ. ಮಾಲಕರು ಕಲ್ಲಚ್ಚನ್ನು ಮಾರಿದರು; ಸೊಲ್ಲಾಪುರದಿಂದ ಹಳೆಯದೊಂದು ಕಾಲಿನಿಂದ ತುಳಿಯುವ ಯಂತ್ರವನ್ನೂ ಕನ್ನಡದ ಸೀಸದ ಅಕ್ಷರಮೊಳೆಗಳನ್ನೂ ತಂದರು. ನನ್ನನ್ನು ಕರೆದು, "ಖಾದರ್, ಬಜಾರದಾಗ ಕನ್ನಡ ಮಾತಾಡ್ತಿ, ಇನ್ನು ಮ್ಯಾಲ ಓದೂದು, ಜೋಡಸೂದು ಕಲಿ," ಎಂದರು. ಅಲ್ಲಿಯವರೆಗೆ ಬಲದಿಂದ ಎಡಕ್ಕೆ ಬರೆದ ಕೈ ಈಗ ಎಡದಿಂದ ಬಲಕ್ಕೆ ಹೋಗಬೇಕು. ಅದೂ ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರುತ್ತದೆ. ಮೊದಲ ತಿಂಗಳುಗಳಲ್ಲಿ ನಾನು ಜೋಡಿಸಿದ ಮದುವೆ ಪತ್ರಿಕೆಯೊಂದರಲ್ಲಿ ವರನ ಹೆಸರಿನ ಜಾಗಕ್ಕೆ ಅವರಪ್ಪನ ಹೆಸರು ಬಂದು, ಬೀಗರು ಬಂದು ಕೂತುಬಿಟ್ಟಿದ್ದರು. ಮಾಲಕರು ಅವರಿಗೆ ಚಹಾ ಕುಡಿಸಿ, ಬೇರೆ ಅಚ್ಚು ಹಾಕಿ ಕಳಿಸಿದರು. ನನಗೆ ಬೈಯಲಿಲ್ಲ. "ಒಂದು ತಪ್ಪು ಒಮ್ಮೆ ಮಾಡು, ಹಳೇ ತಪ್ಪು ಮತ್ತ ತರಬ್ಯಾಡ," ಎಂದರು ಅಷ್ಟೆ.

ಹೊಸಬರಿಗೆ ಒಂದು ವಿಷಯ ತಿಳಿದಿರಲಿ. ಈಗ ಕಂಪ್ಯೂಟರಿನಲ್ಲಿ ಒಂದು ಅಕ್ಷರ ಎಷ್ಟು ಬೇಕಾದರೂ ಸಿಗುತ್ತದೆ. ನಮಗೆ ಮೊಳೆ ಇದ್ದಷ್ಟೇ ಅಕ್ಷರ. ಅಚ್ಚಾದ ಮೇಲೆ ಕಟ್ಟಿದ ಪುಟವನ್ನು ಬಿಚ್ಚಿ, ಮೊಳೆಗಳನ್ನು ಒಂದೊಂದಾಗಿ ಅವುಗಳ ಗೂಡಿಗೆ ಹಾಕಬೇಕು. ಹಾಗೆ ಬಿಚ್ಚಿದರೆ ಮಾತ್ರ ಮುಂದಿನದನ್ನು ಜೋಡಿಸಲು ಬರುತ್ತದೆ. ಒಂದನ್ನು ಕಟ್ಟಿಯೇ ಇಟ್ಟರೆ ಅಷ್ಟು ಅಕ್ಷರಗಳು ಸೆರೆಯಲ್ಲಿದ್ದಂತೆ.

ಕನ್ನಡ ವಾರಪತ್ರಿಕೆ ಸುರುವಾದಾಗ ನನಗೆ ಹಗುರಾಗಿತ್ತು. ಹಳೆಯ ಜಗಳ ಮುಗಿಯಿತು, ಇನ್ನು ಬೇರೆ ಏನಾದರೂ ಬರುತ್ತದೆ ಎಂದುಕೊಂಡೆ. ಬಂತು, ಧ್ವಜದ ಜಗಳ. ಫೌಜು ಬಂದ ದಿನ ಹುಮನಾಬಾದಿನ ಚಾವಡಿಯ ಮೇಲೆ ಮೊದಲು ಧ್ವಜ ಏರಿಸಿದವರು ಯಾರು ಎಂಬುದು ಪ್ರಶ್ನೆ. ದೇಶಮುಖ ವಕೀಲರು ತಾವೆಂದರು. ಪಾಟೀಲರು ತಾವೆಂದರು. ಇಬ್ಬರೂ ಊರಿನ ದೊಡ್ಡವರು, ಇಬ್ಬರೂ ಮುಂದೆ ಚುನಾವಣೆಗೆ ನಿಲ್ಲುವ ಆಸೆಯಿದ್ದವರು. ವಕೀಲರ ಹೇಳಿಕೆ, ಪಾಟೀಲರ ಖಂಡನೆ, ವಕೀಲರ ಸ್ಪಷ್ಟೀಕರಣ, ಸ್ಪಷ್ಟೀಕರಣಕ್ಕೆ ಪಾಟೀಲರ ಸ್ಪಷ್ಟೀಕರಣ. ಧ್ವಜ ಎಂದು ಜೋಡಿಸೀ ಜೋಡಿಸೀ 'ಧ' ಮೊಳೆಯ ಮೂಗು ಸವೆದುಹೋಯಿತು. ಕೊನೆಗೆ ಮಾಲಕರು, "ಹ್ಯಾಂಗೂ ಬರೂ ವಾರ ಇದೇ ಬರತೈತಿ. ಬಿಚ್ಚಬ್ಯಾಡ, ಹಂಗ ಇಡು. ಹೊಸಾ ಸಾಲು ನಾಕು ಬಂದ್ರ ಅಷ್ಟ ಸೇರಿಸು," ಎಂದರು. ಹೀಗೆ ಆ ಜಗಳ ಎರಡು ಪುಟ ತುಂಬ, ದಾರ ಸುತ್ತಿಸಿಕೊಂಡು ನಮ್ಮ ಗೋಡೆಯ ಬದಿಯ ಹಲಗೆಯ ಮೇಲೆ ಕಾಯಂ ಆಗಿ ಕೂತಿತು.

ಒಂದು ವಾರ ಹೊಸ ಸಾಲು ಸೇರಿಸುವುದನ್ನು ಮರೆತೆ. ಹಿಂದಿನ ವಾರದ್ದೇ ಅಕ್ಷರ ಬದಲಾಗದೆ ಅಚ್ಚಾಗಿ ಊರಿಗೆ ಹೋಯಿತು. ಬೆಳಿಗ್ಗೆ ನನಗೆ ಗೊತ್ತಾದಾಗ ಓಡಿಹೋಗಿ ಮಾಲಕರಿಗೆ ಹೇಳಿದೆ. ಸಂಜೆಯ ಹೊತ್ತಿಗೆ ವಕೀಲರ ಕಡೆಯ ಆಳು ಒಂದು ಚೀಟಿ ತಂದ. 'ಈ ವಾರದ ಪತ್ರಿಕೆಯಲ್ಲಿ ಪಾಟೀಲರು ಮಾಡಿರುವ ಹೊಸ ಆರೋಪಗಳಿಗೆ' ಎಂದು ಅದು ಆರಂಭವಾಗಿತ್ತು. ಮಾಲಕರು ಅದನ್ನು ಓದಿ, ರುಮಾಲು ತೆಗೆದು ತಲೆ ಕೆರೆದುಕೊಂಡು, ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತರು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಇಬ್ಬರಿಗೂ ನಗು ಬಂತು. ಆದರೆ ನಕ್ಕಾದ ಮೇಲೆ ನನಗೆ ನಿಜವಾಗಿ ಬೇಜಾರಾಯಿತು. ಯಾರೂ ಓದದ್ದನ್ನು ನಾನು ಯಾಕೆ ಜೋಡಿಸುತ್ತಿದ್ದೇನೆ ಎಂದು.

ಹಲೀಮಾಬಿ ಎಂಬ ಹೆಂಗಸು ಬಂದದ್ದು ಫೌಜು ಬಂದ ಮರುವರ್ಷದ ಚಳಿಗಾಲದಲ್ಲಿ, ಒಂದು ಸಂತೆಯ ದಿನ ಮಧ್ಯಾಹ್ನ. ಬೀದರಿನಿಂದ ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು, ಸಭೆ ಇತ್ತು. ಧ್ವಜ ಏರಿಸಿದವರನ್ನು ವೇದಿಕೆಗೆ ಕರೆಯುತ್ತಾರೆ ಎಂದು ಸುದ್ದಿ ಹಬ್ಬಿ, ಇಬ್ಬರೂ ದೊಡ್ಡವರು ಆ ವಾರ ತಮ್ಮ ತಮ್ಮ ಪೂರ್ತಿ ಪುಟ ಬೇಕೆಂದು ಹಟ ಹಿಡಿದಿದ್ದರು. ನಾನು ಹಲಗೆಯ ಮುಂದೆ ನಿಂತು ಅದನ್ನೇ ತಿದ್ದುತ್ತಿದ್ದೆ. ಆಕೆ ತನ್ನ ತಮ್ಮನ ಜೊತೆ ಬಾಗಿಲ ಹೊರಗೆ ನಿಂತಿದ್ದಳು. ಮಾಲಕರು ಒಳಗೆ ಕರೆದು ಕೂಡಿಸಿದರು.

ಆಕೆಯ ಗಂಡ ಮೌಲಾಸಾಬ ಕಲಾಯಿ ಹಾಕುವವನು. ಒಲೆಗೆ ಗಾಳಿ ಊದುವ ಚರ್ಮದ ಭಾತಿ, ತವರ, ನವಸಾಗರ ಹೊತ್ತುಕೊಂಡು ಹಳ್ಳಿಹಳ್ಳಿಗೆ ಹೋಗಿ, ಹಿತ್ತಾಳೆ ತಾಮ್ರದ ಪಾತ್ರೆಗಳಿಗೆ ಬೆಳ್ಳಗೆ ಕಲಾಯಿ ಮಾಡಿಕೊಡುತ್ತಿದ್ದ. ಮನೆ ಕಲ್ಯಾಣಿಯಲ್ಲಿ. ಫೌಜು ಬಂದ ವಾರ ಅವನು ಚಿಟಗುಪ್ಪದ ಕಡೆ ಹೋಗಿದ್ದ, ತಿರುಗಿ ಬರಲಿಲ್ಲ. ಗಲ್ಲಿ ಖಾಲಿಯಾದಾಗ ಆಕೆ ಮಕ್ಕಳನ್ನು ಕಟ್ಟಿಕೊಂಡು ಮುಡಬಿಯ ತವರಿಗೆ ಹೋದಳು. ವರ್ಷ ದಾಟಿತು. ಸತ್ತನೆಂದು ಎಲ್ಲರೂ ಅಂದರು. ಈಗ ಬೇಮಳಖೇಡದ ಒಬ್ಬ ದನದ ವ್ಯಾಪಾರಿ, ಜಹೀರಾಬಾದಿನ ಸಂತೆಯಲ್ಲಿ ಅವನ ಹಾಗೆಯೇ ಇರುವ ಒಬ್ಬನನ್ನು ದೂರದಿಂದ ಕಂಡೆ ಎಂದಿದ್ದ. ಅವನ ಸಂಗಡ ಇದ್ದವರು ಕೂಲಿಗೆ ಮುಂಬಯಿಗೆ ಹೊರಡುವ ಮಾತಾಡುತ್ತಿದ್ದರಂತೆ.

"ನೀವ ಹೋಗಿ ನೋಡಬೇಕಿಲ್ಲೇನವ್ವಾ?" ಎಂದರು ಮಾಲಕರು.

"ಹೋಗಿದ್ದೇವ್ರಿ," ಎಂದ ತಮ್ಮ. "ಹೆಸರು ಹಿಡದು ಕೇಳಿದ್ರ ಯಾರೂ ಬಾಯಿ ಬಿಡಂಗಿಲ್ರಿ. ಪೊಲೀಸರ ಕಡೆಯವರು ಅಂತ ಅಂಜತಾರ. ನಮ್ಮನ್ನ ನೋಡಿ ಅಂಗಡಿ ಮುಚ್ಚಿದ್ರು. ಅದಕ್ಕ ಒಂದು ಚೀಟಿ ಛಾಪಾ ಮಾಡಿಸಿ ಅಲ್ಲಿ ಅಂಟಸಬೇಕಂತ ಬಂದೇವ್ರಿ."

ಮಾಲಕರು ನನ್ನ ಕಡೆ ನೋಡಿದರು. ನಾನು ಗೂಡುಗಳ ಕಡೆ ನೋಡಿದೆ. ಮೊಳೆ ಇರಲಿಲ್ಲ. ಎರಡು ಪುಟದ ಜಗಳ ಎಲ್ಲವನ್ನೂ ನುಂಗಿತ್ತು. "ಮುಂದಿನ ವಾರ ಬರ್ರಿ, ಮಾಡಿಕೊಡ್ತೇವಿ," ಎಂದರು.

"ಮುಂದಿನ ವಾರಕ್ಕ ಅವರು ಮುಂಬೈದಾಗ ಇರತಾರ್ರಿ," ಎಂದಳು ಹಲೀಮಾಬಿ. "ಅಲ್ಲಿ ನಾ ಎಲ್ಲಿ ಹುಡಕ್ಲಿ?"

ನಾನು ಹೇಳಿದೆ, "ಬೂಬೂ, ನಾ ಕೈಲೆ ಬರದು ಕೊಡ್ತೀನಿ. ಉರ್ದುದಾಗ ಚಂದ ಬರೀತೀನಿ. ಈಗಲೇ ಒಯ್ಯಿರಿ."

ಆಕೆ ತಲೆ ಅಲ್ಲಾಡಿಸಿದಳು. "ಕೈಲೆ ಬರದದ್ದು ಯಾರೂ ನಂಬಂಗಿಲ್ಲ ಭಾಯಿ. ಯಾರೋ ಮೋಸಕ್ಕ ಬರದಾರ ಅಂತಾರ. ಛಾಪಾ ಆದದ್ದಕ್ಕ ಮಂದಿ ನಂಬತಾರ."

ಈ ಮಾತು ಕೇಳಿ ನನಗೆ ಗೋಡೆ ಬದಿಯ ಹಲಗೆಯ ಕಡೆ ನೋಡುವುದೂ ಕಷ್ಟವಾಯಿತು. ಛಾಪಾ ಆದದ್ದಕ್ಕೆ ಜನ ನಂಬುತ್ತಾರೆ. ನಾವು ಛಾಪಾ ಮಾಡುತ್ತಿದ್ದುದು ಆ ಧ್ವಜದ ಜಗಳ.

ಮಾಲಕರು ಎದ್ದು ಹಲಗೆಯ ಹತ್ತಿರ ಹೋದರು. ಕಟ್ಟಿದ ಪುಟದ ಮೇಲೆ ಕೈ ಇಟ್ಟುಕೊಂಡು ನಿಂತರು. ಆಮೇಲೆ ದಾರದ ಗಂಟು ತಾವೇ ಬಿಚ್ಚಿದರು. "ಖಾದರ್, ಬಾ. ವಕೀಲರದು ನಾ ಬಿಚ್ಚತೀನಿ, ಪಾಟೀಲರದು ನೀ ಬಿಚ್ಚು."

ನಾನು ಅಷ್ಟು ಸಂತೋಷದಿಂದ ಮೊಳೆ ಬಿಚ್ಚಿದ್ದು ಮುಂದೆ ಎಂದೂ ಇಲ್ಲ. ಖಂಡನೆ ಹೋಯಿತು, ಆರೋಪ ಹೋಯಿತು, 'ಸತ್ಯಕ್ಕೆ ದೂರವಾದ' ಎಂಬ ಸಾಲು ಹೋಯಿತು. ಗೂಡುಗಳಿಗೆ ಸೀಸ ಬೀಳುವ ಸಣ್ಣ ಸಪ್ಪಳ ಮಳೆಯಂತೆ ಕೇಳುತ್ತಿತ್ತು. ಹೆಗಲ ಮೇಲಿನ ಮೂಟೆ ಇಳಿಸಿದ ಹಾಗಾಯಿತು.

ಏನು ಜೋಡಿಸಬೇಕೆಂದು ಮಾಲಕರು ಬಾಯಲ್ಲೇ ಹೇಳಿದರು: "ಕಾಣೆಯಾಗಿದ್ದಾರೆ. ಕಲ್ಯಾಣಿಯ ಮೌಲಾಸಾಬ..."

ಹಲೀಮಾಬಿ ತಡೆದಳು. "ಹಂಗ ಬ್ಯಾಡ್ರಿ. ಕಾಣೆ ಆಗೀನಿ ಅಂತ ಅವರಿಗೆ ಗೊತ್ತಿರಂಗಿಲ್ಲ. ಅವರು ತಾವು ಇದ್ದಲ್ಲೇ ಅದಾರ. ಅವರ ಲೆಕ್ಕಕ್ಕ ಕಾಣೆ ಆದವರು ನಾವ್ರಿ. ನಾವು ಜಿಂದಾ ಅದೀವಿ ಅಂತ ಬರೀರಿ."

ಮಾಲಕರು ರುಮಾಲು ಸರಿಮಾಡಿಕೊಂಡು, "ಹೌದವ್ವಾ, ಅದೇ ಖರೆ," ಎಂದರು. ನಾನು ಜೋಡಿಸಿದೆ. 'ಕಲ್ಯಾಣಿಯ ಕಲಾಯಿ ಮೌಲಾಸಾಬರಿಗೆ. ನಿಮ್ಮ ಹೆಂಡತಿ ಹಲೀಮಾಬಿ, ಮಕ್ಕಳು ಎಲ್ಲರೂ ಬದುಕಿದ್ದಾರೆ. ಮುಡಬಿಯಲ್ಲಿದ್ದಾರೆ. ನಿಮ್ಮ ದಾರಿ ಕಾಯುತ್ತಿದ್ದಾರೆ. ಇದನ್ನು ಓದಿದವರು ಅವರಿಗೆ ಓದಿ ಹೇಳಿರಿ.' ಕೆಳಗೆ ನಮ್ಮ ಛಾಪಾಖಾನೆಯ ಹೆಸರು. ಅಚ್ಚಾದ ಮೇಲೆ ಒಂದೊಂದರ ಕೆಳಗೂ ಅದನ್ನೇ ನಾನು ಬಿದಿರಿನ ಲೇಖನಿಯಿಂದ ಉರ್ದುವಿನಲ್ಲಿ ಬರೆದೆ. ಜಹೀರಾಬಾದಿನಲ್ಲಿ ಓದುವವರು ಉರ್ದುವನ್ನೇ ಓದುವವರಲ್ಲವೆ. ಮಸಿ ಒಣಗುವ ಮೊದಲೇ ಹೈದರಾಬಾದಿನ ಬಸ್ಸಿನ ಡ್ರೈವರನ ಕೈಗೆ ಒಂದು ಕಟ್ಟು ಕೊಟ್ಟೆವು. ದಾರಿಯ ಒಂದೊಂದು ಚಹಾ ಅಂಗಡಿಯಲ್ಲೂ ಅಂಟಿಸುತ್ತೇನೆ ಎಂದ. ಉಳಿದದ್ದನ್ನು ಹಲೀಮಾಬಿಯ ತಮ್ಮ ಚಿಟಗುಪ್ಪದ ಸಂತೆಗೆ ಒಯ್ದ.

ಮರುದಿನ ವಕೀಲರು ತಮ್ಮ ಪುಟ ನೋಡಲು ಬಂದರು. ಹಲಗೆ ಖಾಲಿಯಾಗಿತ್ತು.

"ಶಂಕ್ರಪ್ಪ, ನನ್ನ ಸ್ಪಷ್ಟೀಕರಣ ಎಲ್ಲೈತಿ?"

"ಬಿಚ್ಚೇವ್ರಿ ವಕೀಲ್ರ. ಮೊಳಿ ಬೇರೆ ಕೆಲಸಕ್ಕ ಬೇಕಾಗಿತ್ತು."

ವಕೀಲರ ಮುಖ ಕೆಂಪಾಯಿತು. ನಾನು ಯಂತ್ರದ ಹಿಂದೆ ಸರಿದೆ. ಅವರು ದನಿ ತಗ್ಗಿಸಿ ಕೇಳಿದರು, "ಪಾಟೀಲಂದು?"

"ಅದನ್ನೂ ಬಿಚ್ಚೇವ್ರಿ."

"ಪೂರಾ?"

"ಪೂರಾ."

ವಕೀಲರು ಉಸಿರು ಬಿಟ್ಟು ಕುರ್ಚಿಯ ಮೇಲೆ ಕೂತರು. ಚಹಾ ತರಿಸಿ ಎಂದರು. ಕುಡಿಯುತ್ತ ಮೇಜಿನ ಮೇಲಿದ್ದ ಆ ಕರಪತ್ರ ಓದಿದರು. "ಈ ಕಲಾಯಿಯವ ನಮ್ಮನಿಗೂ ಬರತಿದ್ದ," ಎಂದು ಹೇಳಿ, ಹೋಗುವಾಗ ಕಚೇರಿಯಲ್ಲಿ ಹಂಚಲು ಕೆಲವನ್ನು ಒಯ್ದರು. ಪಾಟೀಲರು ಸಂಜೆ ಬಂದರು. ಅವರೂ ಸಿಟ್ಟಿನಿಂದಲೇ ಬಂದು, ಅದೇ ಪ್ರಶ್ನೆ ಕೇಳಿ, ಅದೇ ಉತ್ತರ ಕೇಳಿ ಸಮಾಧಾನವಾಗಿ ಹೋದರು. ಇಬ್ಬರಿಗೂ ಬೇಕಾಗಿದ್ದುದು ತಮ್ಮದು ಬರುವುದಲ್ಲ, ಇನ್ನೊಬ್ಬನದು ಬಾರದಿರುವುದು. ಅದು ಇಷ್ಟು ಸುಲಭವೆಂದು ತಿಳಿದಿದ್ದರೆ ಎಂದೋ ಬಿಚ್ಚುತ್ತಿದ್ದೆವು. ಸಭೆಗೆ ಅಧಿಕಾರಿ ಬಂದರು, ಬೆಳೆಯ ವಿಷಯ ಮಾತಾಡಿದರು, ಧ್ವಜದ ಸುದ್ದಿ ಎತ್ತದೆ ಹೋದರು.

ಆ ವಾರದ ಪತ್ರಿಕೆಯಲ್ಲಿ ಹಲೀಮಾಬಿಯ ಮಾತುಗಳನ್ನೇ ಮೊದಲ ಪುಟದಲ್ಲಿ ಹಾಕಿದೆವು. ಅದನ್ನು ಕಂಡು ಬೇರೆಯವರೂ ಬರತೊಡಗಿದರು. ಸೊಲ್ಲಾಪುರದಿಂದ ಇನ್ನೂ ತಿರುಗಿ ಬಾರದ ಅಣ್ಣನಿಗೆ ಒಬ್ಬ, ಹೈದರಾಬಾದಿಗೆ ಓಡಿಹೋದ ಅತ್ತೆಗೆ ಒಬ್ಬಳು. ಎಲ್ಲರದೂ ಒಂದೇ ಬಗೆಯ ಸಾಲು: ನಾವು ಇಂಥಲ್ಲಿ ಇದ್ದೇವೆ, ಬನ್ನಿ. ಇವನ್ನೂ ವಾರವಾರವೂ ಜೋಡಿಸಿದೆ. ಬೇಸರ ಬರಲಿಲ್ಲ.

ಮೌಲಾಸಾಬ ಬಂದದ್ದು ಕರಪತ್ರ ಹೋದ ಕೆಲವೇ ದಿನಗಳಲ್ಲಿ, ಒಂದು ಬೆಳಿಗ್ಗೆ, ಮೊದಲ ಬಸ್ಸಿನಲ್ಲಿ. ನೆಟ್ಟಗೆ ನಮ್ಮ ಛಾಪಾಖಾನೆಗೇ ಬಂದ. ಗಡ್ಡ ನರೆತಿತ್ತು, ಮೈ ಇಳಿದಿತ್ತು. ಗೋಡೆಯಿಂದ ಕಿತ್ತುಕೊಂಡ ಕರಪತ್ರವನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

"ಇದು ಹಳೇದೋ, ಹೊಸಾದೋ?" ಎಂದು ಕೇಳಿದ.

"ಹೊಸಾದು. ಕೂಡ್ರಿ," ಎಂದೆ.

ಅವನು ಕೂರಲಿಲ್ಲ. ಗಲಾಟೆಯ ದಿನಗಳಲ್ಲಿ ಜನರ ಜೊತೆ ಜಹೀರಾಬಾದಿಗೆ ಓಡಿದ್ದನಂತೆ. ಆಮೇಲೆ ಒಬ್ಬನನ್ನು ಕಲ್ಯಾಣಿಗೆ ಕಳಿಸಿ ಕೇಳಿಸಿದ್ದನಂತೆ. ಮನೆಗೆ ಬೀಗ, ಗಲ್ಲಿಯಲ್ಲಿ ಹುಳವೂ ಇಲ್ಲ, ಯಾರೂ ಉಳಿದಿಲ್ಲ ಎಂದು ಆ ಮನುಷ್ಯ ಬಂದು ಹೇಳಿದ್ದ. "ಅವ ಹೇಳಿದ್ದು ಖರೇನ ಅಂತ ತಿಳಕೊಂಡೆ. ಮತ್ತ ಕೇಳಲಿಲ್ಲ. ಕೇಳಾಕ ಅಂಜಿಕಿ ಬಂತು," ಎಂದ. ಮುಂಬಯಿಗೆ ಹೊರಟವರ ಗಂಟಿನಲ್ಲಿ ಅವನ ಗಂಟೂ ಸೇರಿತ್ತು. ಚಹಾ ಅಂಗಡಿಯವನು ಗೋಡೆಯ ಮೇಲಿನದನ್ನು ಗಿರಾಕಿಗಳಿಗೆ ಜೋರಾಗಿ ಓದುತ್ತಿದ್ದಾಗ ಹೆಂಡತಿಯ ಹೆಸರು ಕಿವಿಗೆ ಬಿತ್ತು.

"ನನಗ ಓದಾಕ ಬರಂಗಿಲ್ಲ. ನೀವು ಓದ್ರಿ," ಎಂದ. ಓದಿದೆ. "ಮತ್ತೊಮ್ಮೆ," ಎಂದ. ಮತ್ತೊಮ್ಮೆ ಓದಿದೆ. ಮಕ್ಕಳು ಎಲ್ಲರೂ ಎಂಬಲ್ಲಿ ತಡೆದು, "ಎಲ್ಲರೂ ಅಂತ ಅದ ಏನು?" ಎಂದು ಬೆರಳಿಟ್ಟು ತೋರಿಸೆಂದ. ತೋರಿಸಿದೆ. ಅವನು ಆ ಪದದ ಮೇಲೆ ಬೆರಳು ಇಟ್ಟುಕೊಂಡೇ ನೆಲದ ಮೇಲೆ ಕೂತು ಅತ್ತ. ಮಾಲಕರು ಒಳಗೆ ಹೋಗಿ ನೀರು ತಂದರು.

"ಖಾದರ್, ಇವತ್ತು ಕೆಲಸ ಇರಲಿ. ಇವರ ಸಂಗಡ ಮುಡಬಿಗೆ ಹೋಗಿ ಬಾ. ಒಬ್ಬರನ ಕಳಸೂದು ಬ್ಯಾಡ," ಎಂದರು.

ಮುಡಬಿಗೆ ಆಗ ಬಸ್ಸಿರಲಿಲ್ಲ. ಜೋಳದ ಹೊಲಗಳ ನಡುವೆ ಎತ್ತಿನ ಗಾಡಿಯಲ್ಲಿ ಹೋದೆವು. ದಾರಿಯುದ್ದಕ್ಕೂ ಅವನು ಕರಪತ್ರವನ್ನು ಮಡಿಚುತ್ತ, ಬಿಡಿಸುತ್ತ ಕೂತಿದ್ದ. ಮನೆಯ ಮುಂದೆ ಹಲೀಮಾಬಿ ಒಲೆಗೆ ತೊಗರಿ ಕಟ್ಟಿಗೆ ಮುರಿಯುತ್ತಿದ್ದಳು. ತಲೆ ಎತ್ತಿ ನೋಡಿದಳು. ಕಟ್ಟಿಗೆ ಕೈಯಲ್ಲೇ ಉಳಿಯಿತು. ಇಬ್ಬರೂ ನೋಡಿಕೊಂಡು ನಿಂತರು. ಆಮೇಲೆ ಆಕೆ ಸೆರಗು ತಲೆಗೆ ಎಳೆದುಕೊಂಡು, "ಭಾಳ ಸೊರಗೀರಿ," ಎಂದಳು. ಒಳಗಿನಿಂದ ಮಕ್ಕಳು ಓಡಿಬಂದವು. ಚಿಕ್ಕದು ಅಪ್ಪನ ಗುರುತು ಸಿಗದೆ ಅಕ್ಕನ ಹಿಂದೆ ಅಡಗಿತು. ನಾನು ಗಾಡಿಯವನ ಜೊತೆ ಹೊರಗೇ ಕೂತೆ.

ಮರುದಿನ ಎಲ್ಲರೂ ಕಲ್ಯಾಣಿಗೆ ಬಂದೆವು. ಬೀಗಕ್ಕೆ ತುಕ್ಕು ಹಿಡಿದು ಕೀಲಿ ತಿರುಗಲಿಲ್ಲ. ಎದುರು ಮನೆಗೆ ತಿರುಗಿ ಬಂದಿದ್ದ ಮುದುಕನೊಬ್ಬ ಎಣ್ಣೆ ತಂದು ಬಿಟ್ಟ. ಬಾಗಿಲು ತೆರೆದು ಹಲೀಮಾಬಿ ಕಸ ಹೊಡೆಯಲು ಸುರುಮಾಡಿದಳು. ಮೌಲಾಸಾಬ, ಮನೆಯಲ್ಲೇ ಉಳಿದಿದ್ದ ಹಳೆಯ ಭಾತಿಯನ್ನು ತೆಗೆದು ಅದರ ಚರ್ಮ ಹರಿದಿದೆಯೇ ಎಂದು ನೋಡುತ್ತಿದ್ದ. ನಾನು ಹೇಳಿ ಹೊರಟೆ.

ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮುಂದಿನ ಸೀಟಿನಲ್ಲಿ ಒಬ್ಬರು ಹೈದರಾಬಾದಿನ ಪತ್ರಿಕೆ ಬಿಡಿಸಿ ಎಲ್ಲರಿಗೂ ಕೇಳುವಂತೆ ಓದುತ್ತಿದ್ದರು. ಇನ್ನಾರೋ ಇಬ್ಬರು ದೊಡ್ಡವರ ಹೇಳಿಕೆ, ಅದಕ್ಕೆ ಖಂಡನೆ. ಸುತ್ತ ಕೂತವರು ಆಗಲೇ ಎರಡು ಪಕ್ಷವಾಗಿದ್ದರು. ಒಬ್ಬ ನನ್ನ ಭುಜ ತಟ್ಟಿ, "ನೀವೇನಂತೀರಿ?" ಎಂದು ಕೇಳಿದ. ನನಗೆ ಆಕಳಿಕೆ ಬಂತು. ಕಿಟಕಿಗೆ ತಲೆ ಆನಿಸಿದೆ. ಹೊರಗೆ ಬಿಸಿಲು ಹಿತವಾಗಿತ್ತು. ಹುಮನಾಬಾದು ಬಂತೆಂದು ಕಂಡಕ್ಟರ್ ಎಬ್ಬಿಸುವವರೆಗೆ ನನಗೆ ಎಚ್ಚರವಾಗಲಿಲ್ಲ.